24 ಲೋಟಕ್ಕೆ ಎಷ್ಟು ಮೇಣ?

ಅಕ್ಕನ ಮನೆಯ ಗೃಹಪ್ರವೇಶಕ್ಕೆ ಬಂದವರಿಗೆ ತಾಂಬೂಲದ ಜೊತೆ ಕೊಡಲು ಮೇಣದಬತ್ತಿ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಒಟ್ಟು 24. ಹೋಟೆಲಿನಲ್ಲಿ ಬೈಟು ಕಾಫಿ ಕೊಡುತ್ತಾರಲ್ಲ, ಆ ಅಳತೆಯ ಪುಟ್ಟ ಲೋಟಗಳು, ದಪ್ಪ ಗಾಜಿನವು.

ಮೇಣ ಎಷ್ಟು ಬೇಕು ಅನ್ನೋದನ್ನು ಕಣ್ಣಳತೆಗೆ ಬಿಡಲಿಲ್ಲ. ಲೆಕ್ಕ ಹಾಕಿಯೇ ಹೊರಟೆ. ಮನೆಯಲ್ಲಿ ಸ್ವಲ್ಪ ಪ್ಯಾರಾಫಿನ್ ಮೇಣದ ಚಕ್ಕೆ ಉಳಿದಿತ್ತು. ಅದನ್ನು ಒಂದು ಲೋಟಕ್ಕೆ ಬೇಕಾದ ಎತ್ತರದವರೆಗೆ ತುಂಬಿ ಅಡುಗೆಮನೆಯ ತಕ್ಕಡಿ ಮೇಲಿಟ್ಟೆ. 42 ಗ್ರಾಂ. 24 ಲೋಟಕ್ಕೆ 1008 ಗ್ರಾಂ. ಒಂದು ಕೆಜಿ ತಂದರೆ ಆಯ್ತು ಅಲ್ವಾ? ತಂದೆ.

14ನೇ ಲೋಟ ತುಂಬುವಷ್ಟರಲ್ಲಿ ಪಾತ್ರೆ ಖಾಲಿ. ಕಥೆ ಅಲ್ಲಿಗೇ ಮುಗಿಯಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ, ತುಂಬಿಟ್ಟ 14 ಲೋಟಗಳಲ್ಲೂ ಬತ್ತಿಯ ಸುತ್ತ ಒಂದೊಂದು ಗುಂಡಿ. ಆ ಗುಂಡಿಗಳಿಗೂ ಮೇಣ ಬೇಕು. ಬೇರೆ ದಾರಿ ಕಾಣದೆ ಎರಡು ಲೋಟದ ಮೇಣವನ್ನು ಮತ್ತೆ ಕರಗಿಸಿ ಉಳಿದ 12 ಲೋಟಗಳ ಗುಂಡಿ ಮುಚ್ಚಿದೆ. ಹೆಚ್ಚುಕಡಿಮೆ ಸರಿಹೋಯಿತು. ಅಂದರೆ ಒಂದು ಕೆಜಿಗೆ 12 ಲೋಟ. ನನ್ನ ಲೆಕ್ಕ ಸರಿಯಾಗಿ ಅರ್ಧಕ್ಕರ್ಧ ತಪ್ಪಿತ್ತು.

ಗುಣಾಕಾರದಲ್ಲಿ ತಪ್ಪಿರಲಿಲ್ಲ, ತಕ್ಕಡಿಯಲ್ಲೂ ತಪ್ಪಿರಲಿಲ್ಲ. ತೂಗಿದ್ದೇನು ಅನ್ನೋದರಲ್ಲೇ ತಪ್ಪಿತ್ತು.

ಲೋಟದಲ್ಲಿ ಅರ್ಧ ಗಾಳಿ

ಹಳೆಯ ಕಾಲದ ಅಳತೆ ಗೊತ್ತಿರುವವರಿಗೆ ಇದನ್ನು ವಿವರಿಸುವುದು ಸುಲಭ. ಕಾಳುಕಡಿ ಅಳೆಯುವ ಸೇರು, ಪಾವು, ಚಟಾಕು ಎಲ್ಲ ಪಾತ್ರೆಯ ಅಳತೆಗಳು, ತೂಕದವಲ್ಲ. ಅದೇ ಪಾವಿನಲ್ಲಿ ಅಕ್ಕಿ ಅಳೆದು ತೂಗಿ, ಅವಲಕ್ಕಿ ಅಳೆದು ತೂಗಿ. ಅವಲಕ್ಕಿ ಅಕ್ಕಿಯ ಹತ್ತಿರಕ್ಕೂ ಬರುವುದಿಲ್ಲ. ಅವಲಕ್ಕಿಯ ನಡುವೆ ಇರುವುದೆಲ್ಲ ಗಾಳಿ.

ಮೇಣದ ಚಕ್ಕೆಯೂ ಅವಲಕ್ಕಿಯ ಹಾಗೇ. ಲೋಟ ತುಂಬಿದಂತೆ ಕಾಣುತ್ತದೆ, ಕರಗಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಒಮ್ಮೆ ಬೇಕಂತಲೇ ಕೂತು ನೋಡಿದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಒಂದು ಲೋಟ ಚಕ್ಕೆ ಹಾಕಿದೆ. ಮೊದಲು ಅಂಚಿನ ಚಕ್ಕೆಗಳು ಗಾಜಿನಂತೆ ತಿಳಿಯಾದವು. ಆಮೇಲೆ ನಡುವಿನ ಗುಡ್ಡ ಕುಸಿಯಿತು. ಕೊನೆಗೆ ಉಳಿದದ್ದು ಅರ್ಧ ಲೋಟಕ್ಕಿಂತ ಒಂದೆರಡು ಚಮಚ ಜಾಸ್ತಿ, ಅಷ್ಟೇ. ತಕ್ಕಡಿ ಇಲ್ಲದವರಿಗೆ ಒಂದು ಒರಟು ಲೆಕ್ಕ ಸಾಕು: ಒಂದು ಲೋಟ ಮೇಣ ಬೇಕಾದರೆ ಎರಡು ಲೋಟ ಚಕ್ಕೆ. ದುಂಡನೆಯ ಕಾಳಿನಂತೆ ಬರುವ ಮೇಣ ಸ್ವಲ್ಪ ಒತ್ತಾಗಿ ಕೂರುತ್ತದೆ, ಅದಕ್ಕೆ ಎರಡಕ್ಕಿಂತ ಕಡಿಮೆ ಸಾಕಾಗಬಹುದು. ಇಡೀ ಗಟ್ಟಿಯನ್ನು ಚಾಕುವಿನಲ್ಲಿ ಕೆತ್ತಿ ಹಾಕುವುದಾದರೆ ಈ ಲೆಕ್ಕ ಕೆಲಸಕ್ಕೇ ಬಾರದು. ಪ್ರತಿಯೊಬ್ಬರ ಕೆತ್ತನೆಯೂ ಬೇರೆ.

ಮೇಣ ಅಳೆಯಲು ನೀರು

ಹಾಗಾದರೆ ಏನನ್ನು ತೂಗಬೇಕು? ನೀರನ್ನು.

ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ಮೇಣ ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ನೀರು ಹಾಕಿ. ಎಷ್ಟು ಗ್ರಾಂ ಬಂತು ನೋಡಿ. ನೀರಿನಲ್ಲಿ ಒಂದು ಗ್ರಾಂ ಅಂದರೆ ಒಂದು ಮಿಲಿಲೀಟರ್, ಹಾಗಾಗಿ ತೂಕ ಮತ್ತು ಅಳತೆ ಎರಡೂ ಒಂದೇ ಸಲಕ್ಕೆ ಸಿಕ್ಕ ಹಾಗೆ. ನನ್ನ ಲೋಟಕ್ಕೆ 90 ಗ್ರಾಂ ನೀರು ಹಿಡಿಯಿತು.

ಮೇಣ ನೀರಿಗಿಂತ ಹಗುರ. ನೀರಿನಲ್ಲಿ ತೇಲುತ್ತದೆ ಅನ್ನೋದು ಎಲ್ಲರಿಗೂ ಗೊತ್ತು, ತೇಲುವ ದೀಪಗಳೆಲ್ಲ ನಿಂತಿರುವುದೇ ಅದರ ಮೇಲೆ. ಎಷ್ಟು ಹಗುರ? ಗಟ್ಟಿ ಪ್ಯಾರಾಫಿನ್ ಮಿಲಿಲೀಟರಿಗೆ ಸುಮಾರು 0.9 ಗ್ರಾಂ ತೂಗುತ್ತದೆ. ಅಡುಗೆ ಎಣ್ಣೆಯ ಪ್ಯಾಕೆಟ್ ಮೇಲೆ 1 ಲೀಟರ್ ಪಕ್ಕದಲ್ಲೇ 910 ಗ್ರಾಂ ಅಂತ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ಸಂಖ್ಯೆ. ಹಾಗಾಗಿ 90ನ್ನು 0.9ರಿಂದ ಗುಣಿಸಿದರೆ 81. ಒಂದು ಲೋಟಕ್ಕೆ 81 ಗ್ರಾಂ ಮೇಣ. 24 ಲೋಟಕ್ಕೆ 1944 ಗ್ರಾಂ. ನಾನು ತಂದದ್ದು ಅದರ ಅರ್ಧ.

ಇದರಲ್ಲಿ ಜನ ಎಡವುವುದು ಒಂದೇ ಕಡೆ, ನೀರನ್ನು ಅಂಚಿನವರೆಗೆ ತುಂಬಿಬಿಡುತ್ತಾರೆ. ಮೇಣವನ್ನು ಯಾರೂ ಹಾಗೆ ತುಂಬುವುದಿಲ್ಲ. ಮೇಲೆ ಒಂದು, ಒಂದೂವರೆ ಸೆಂಟಿಮೀಟರ್ ಬಿಡಲೇಬೇಕು, ಇಲ್ಲವಾದರೆ ಉರಿಯುವಾಗ ಕರಗಿದ ಮೇಣ ಹೊರಗೆ ಚೆಲ್ಲುತ್ತದೆ. ಪುಟ್ಟ ಲೋಟದಲ್ಲಿ ಆ ಒಂದು ಸೆಂಟಿಮೀಟರ್ ಅಂದರೆ 20 ಗ್ರಾಂ ದಾಟುತ್ತದೆ. ಡಬ್ಬಿ ಮಾರುವವರು 200 ಮಿಲಿ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಅಂಚಿನವರೆಗಿನ ಲೆಕ್ಕ. ಅದನ್ನು ನಂಬಿ ಮೇಣ ತಂದರೆ ಜಾಸ್ತಿ ಉಳಿಯುತ್ತದೆ. ಕಡಿಮೆ ಬೀಳುವುದಕ್ಕಿಂತ ವಾಸಿ ಅನ್ನಿ.

ಅಳೆದಾದ ಮೇಲೆ ಲೋಟವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒಂದು ಹನಿ ನೀರು ಉಳಿದಿದ್ದರೂ ಮೇಣದೊಳಗೆ ಸಿಕ್ಕಿಕೊಂಡು, ಆಮೇಲೆ ಬತ್ತಿ ಚಟಪಟ ಅನ್ನುತ್ತದೆ.

0.77, 0.86, 0.9: ಯಾವುದು ಸರಿ?

ಆನ್‌ಲೈನ್‌ನಲ್ಲಿ ಹುಡುಕಿದರೆ ತಲೆ ಕೆಡುತ್ತದೆ. ಒಬ್ಬರು 0.9 ಅಂತಾರೆ, ಇನ್ನೊಬ್ಬರು 0.86, ಮತ್ತೊಬ್ಬರು 0.8ಕ್ಕಿಂತ ಕಡಿಮೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಗಟ್ಟಿ ಮೇಣದ ತೂಕ ಹೇಳುತ್ತಿದ್ದಾರೆ, ಇನ್ನೊಬ್ಬರು ಬಿಸಿ ಮೇಣದ್ದು. ಮೇಣದ ಜಾತಿಯೂ ಬೇರೆ ಇರಬಹುದು.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ನೋಡಿದ್ದೀರಾ? ಎಣ್ಣೆ ಗಟ್ಟಿಯಾಗಿ ನಡುವೆ ಗುಂಡಿ ಬಿದ್ದಿರುತ್ತದೆ. ಫ್ರೀಜರಿನಲ್ಲಿಟ್ಟ ನೀರಿನದು ಇದಕ್ಕೆ ತದ್ವಿರುದ್ಧ, ಐಸ್ ಟ್ರೇಯಲ್ಲಿ ಮೇಲಕ್ಕೆ ಉಬ್ಬುತ್ತದೆ. ಗಟ್ಟಿಯಾಗುವಾಗ ನೀರು ಹಿಗ್ಗುತ್ತದೆ, ಎಣ್ಣೆ ಮತ್ತು ಮೇಣ ಕುಗ್ಗುತ್ತವೆ. ಕರಗಿದ ಪ್ಯಾರಾಫಿನ್ 80 ಡಿಗ್ರಿಯ ಸುಮಾರಿಗೆ ಮಿಲಿಲೀಟರಿಗೆ 0.77 ಗ್ರಾಂ ಮಾತ್ರ ತೂಗುತ್ತದೆ. ಅದೇ ತಣ್ಣಗಾಗಿ ಗಟ್ಟಿಯಾದಾಗ 0.9. ತೂಕ ಅಷ್ಟೇ ಇದೆ, ಜಾಗ ಕಡಿಮೆ ಸಾಕು.

ನನ್ನ ಲೋಟದ ಮೇಲೆ ಇದನ್ನು ಇಟ್ಟು ನೋಡಿ. ಬಿಸಿ ಮೇಣ 90 ಮಿಲಿ ಗುರುತಿನವರೆಗೆ ಸುರಿದಾಗ ಒಳಗೆ ಬಿದ್ದದ್ದು 90 × 0.77, ಅಂದರೆ 69 ಗ್ರಾಂ. ಅದು ಗಟ್ಟಿಯಾದಾಗ ಹಿಡಿದ ಜಾಗ 77 ಮಿಲಿ. ಉಳಿದ 13 ಮಿಲಿ ಜಾಗವೇ ಬೆಳಗ್ಗೆ ಕಂಡ ಗುಂಡಿ. ಅದನ್ನು ಮುಚ್ಚಲು 12 ಗ್ರಾಂ ಬೇಕು. 69ಕ್ಕೆ 12 ಸೇರಿಸಿ: 81. ನೀರಿನ ಲೆಕ್ಕ ಮೊದಲೇ ಹೇಳಿದ್ದ ಸಂಖ್ಯೆ. ಒಂದು ಕೆಜಿಯಲ್ಲಿ 14 ಲೋಟ ತುಂಬಿದ್ದು, ಆಮೇಲೆ ಎರಡನ್ನು ಬಲಿ ಕೊಟ್ಟು 12ಕ್ಕೆ ನಿಂತದ್ದು, ಎರಡೂ ಇಲ್ಲೇ ಕೂತಿವೆ.

ಅದಕ್ಕೇ ಪ್ಯಾರಾಫಿನ್‌ಗೆ ಯಾವಾಗಲೂ 0.9 ಹಿಡಿಯಿರಿ ಅಂತ ನಾನು ಹೇಳುವುದು. 0.77 ಹಿಡಿದರೆ ಮೊದಲ ಸುರಿತಕ್ಕೆ ಸರಿಯಾಗುತ್ತದೆ, ಎರಡನೆಯದಕ್ಕೆ ಕೈ ಖಾಲಿ.

ಗುಂಡಿ ನಡುವೆಯೇ ಯಾಕೆ ಬೀಳುತ್ತದೆ ಅಂದರೆ, ಮೇಣ ತಣಿಯುವುದು ಹೊರಗಿನಿಂದ ಒಳಕ್ಕೆ. ಗಾಜಿಗೆ ತಾಗಿದ ಮೇಣ ಮೊದಲು ಗಟ್ಟಿಯಾಗಿ ಅಲ್ಲೇ ಅಂಟಿಕೊಳ್ಳುತ್ತದೆ. ಕೊನೆಯವರೆಗೆ ದ್ರವವಾಗಿ ಉಳಿಯುವುದು ಬತ್ತಿಯ ಸುತ್ತ ಇರುವುದು. ಕುಗ್ಗುವ ಕೆಲಸವೆಲ್ಲ ಅದರ ಪಾಲಿಗೆ ಬರುತ್ತದೆ. ಕೆಲವು ಸಲ ಮೇಲೆ ಕೆನೆಯಂತೆ ಪದರ ಕಟ್ಟಿ ಚಪ್ಪಟೆಯಾಗಿ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಮಾತ್ರ ಪೊಳ್ಳು. ನಾನು ಉರಿದು ಮುಗಿದ ಊದುಬತ್ತಿಯ ಕಡ್ಡಿಯಿಂದ ಬತ್ತಿಯ ಪಕ್ಕದಲ್ಲಿ ಎರಡು ಮೂರು ಕಡೆ ಚುಚ್ಚಿ ನೋಡುತ್ತೇನೆ. ಪೊಳ್ಳಿದ್ದರೆ ಕಡ್ಡಿ ಪಟ್ಟನೆ ಒಳಗಿಳಿಯುತ್ತದೆ. ಎರಡನೇ ಸುರಿತ ಆ ತೂತಿನ ಮೂಲಕವೇ ಹೋಗಬೇಕು.

ಸೋಯಾ ಮೇಣ ಇಷ್ಟು ಕುಗ್ಗುವುದಿಲ್ಲ. ಅದರ ದ್ರವ ಮತ್ತು ಗಟ್ಟಿ ರೂಪದ ನಡುವಿನ ಅಂತರ ಕಡಿಮೆ. ಹಾಗಾಗಿ ಡಬ್ಬಿಯಲ್ಲಿ ಸೋಯಾ ಹಾಕುವವರು ಒಂದೇ ಸಲ ಸುರಿದು ಮುಗಿಸುತ್ತಾರೆ. ಅವರ ಬಾಯಲ್ಲಿ ಬರುವ 0.86 ಅದೇ ಒಂದು ಸುರಿತದ ಲೆಕ್ಕ. ಜೇನುಮೇಣ ಮೂರರಲ್ಲೂ ಭಾರದ್ದು, ಗಟ್ಟಿಯಾದಾಗ ಸುಮಾರು 0.96. ಅದಕ್ಕೆ ಗುಣಾಕಾರವೇ ಬೇಡ, ನೀರಿನ ತೂಕವನ್ನೇ ಮೇಣದ ತೂಕ ಅಂತ ಹಿಡಿದರೂ ನಡೆಯುತ್ತದೆ. ಸ್ವಲ್ಪ ಉಳಿಯುತ್ತದೆ, ಬೆಲೆ ನೋಡಿದರೆ ಅದು ಬೇಜಾರಿನ ವಿಷಯವೇ.

ಜೇನುಮೇಣದ ಮಾತು ಬಂದಾಗ ಒಂದು ಹಳೆಯ ಲೆಕ್ಕ ನೆನಪಾಗುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವ ಬಗೆ ಇದೆ. ಮೊದಲು ಮೇಣದಲ್ಲಿ ವಿಗ್ರಹ ಮಾಡಬೇಕು, ಅದನ್ನು ತೂಗಬೇಕು, ಆಮೇಲೆ ಮಣ್ಣು ಮೆತ್ತಬೇಕು, ಮೇಣ ಕರಗಿಸಿ ತೆಗೆದು ಆ ಜಾಗಕ್ಕೆ ಲೋಹ ಹೊಯ್ಯಬೇಕು. ಮೇಣದ ತೂಕದ ಇಂತಿಷ್ಟು ಪಟ್ಟು ಲೋಹ ತೆಗೆದುಕೊಳ್ಳಬೇಕು. ತಾಮ್ರ, ಹಿತ್ತಾಳೆಗೆ ಒಂದು ಲೆಕ್ಕ, ಬೆಳ್ಳಿಗೆ ಇನ್ನೊಂದು, ಬಂಗಾರಕ್ಕೆ ಮತ್ತೊಂದು. ನಾವು ನೀರು ತೂಗಿ ಮೇಣ ಎಷ್ಟು ಅಂತ ತಿಳಿಯುತ್ತೇವೆ. ಅವರು ಮೇಣ ತೂಗಿ ಲೋಹ ಎಷ್ಟು ಅಂತ ತಿಳಿಯುತ್ತಿದ್ದರು. ತಾಮ್ರ ಜೇನುಮೇಣಕ್ಕಿಂತ ಸುಮಾರು ಒಂಬತ್ತು ಪಟ್ಟು ಭಾರ. ಎರಕದವರಿಗೆ ಅರ್ಧಕ್ಕೆ ಲೋಹ ಮುಗಿದರೆ ನನ್ನ ಹಾಗೆ ಬೆಳಗ್ಗೆ ಎದ್ದು ಗುಂಡಿ ಮುಚ್ಚುವ ಅವಕಾಶ ಇರಲಿಲ್ಲ. ಇಡೀ ವಿಗ್ರಹವೇ ಹೋಯಿತು.

ನೀರು ಹಾಕಲಾಗದಿದ್ದರೆ

ಅಚ್ಚು ಇನ್ನೂ ಕೈಗೆ ಬಂದಿಲ್ಲ, ಅಳತೆ ಮಾತ್ರ ಗೊತ್ತು ಅನ್ನಿ. ಅಥವಾ ಅಂಗಡಿಯಲ್ಲಿ ಕಂಡ ಕಂಬದಂಥ ಬತ್ತಿಯನ್ನೇ ಮನೆಯಲ್ಲಿ ಮಾಡಬೇಕು ಅನ್ನಿಸಿದೆ. ಆಗ ಶಾಲೆಯ ಗಣಿತ ಬೇಕು, ಆದರೆ ಅದನ್ನು ಒಂದು ಸಾಲಿಗೆ ಇಳಿಸಬಹುದು. ದುಂಡು ಕಂಬವಾದರೆ ವ್ಯಾಸವನ್ನು ವ್ಯಾಸದಿಂದ ಗುಣಿಸಿ, ಎತ್ತರದಿಂದ ಗುಣಿಸಿ, ಕೊನೆಗೆ 0.7ರಿಂದ ಗುಣಿಸಿ. ಅಳತೆ ಸೆಂಟಿಮೀಟರಿನಲ್ಲಿದ್ದರೆ ಉತ್ತರ ಗ್ರಾಂನಲ್ಲಿ ಬರುತ್ತದೆ. ಆ 0.7 ಎಲ್ಲಿಂದ ಬಂತು ಅಂದರೆ, ಪೈನ ಕಾಲು ಭಾಗ 0.785, ಅದನ್ನು ಮೇಣದ 0.9ರಿಂದ ಗುಣಿಸಿದ್ದು.

7 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಕಂಬ: 7 × 7 × 10 × 0.7, ಅಂದರೆ 343 ಗ್ರಾಂ. ಕರೆಂಟು ಹೋದಾಗ ಹಚ್ಚುವಂಥ ಸಪೂರ ಬತ್ತಿ, 2 ಸೆಂಟಿಮೀಟರ್ ಅಗಲ, 15 ಎತ್ತರ: 42 ಗ್ರಾಂ. ಎತ್ತರದಲ್ಲಿ ಕಂಬಕ್ಕಿಂತ ಉದ್ದವಾಗಿದೆ, ತೂಕದಲ್ಲಿ ಎಂಟನೇ ಒಂದು ಭಾಗ! ಕಣ್ಣು ಮೋಸ ಹೋಗುವುದು ಇಲ್ಲೇ. ನಮ್ಮ ಕಣ್ಣು ಎತ್ತರಕ್ಕೆ ಜಾಸ್ತಿ ಮರ್ಯಾದೆ ಕೊಡುತ್ತದೆ, ಮೇಣ ನುಂಗುವುದು ಅಗಲ. ಕಾವಲಿಯ ಮೇಲೆ ದೋಸೆಯ ಅಗಲ ಎರಡು ಪಟ್ಟು ಮಾಡಿ ನೋಡಿ, ದಪ್ಪ ಅಷ್ಟೇ ಇರಲಿ. ಎರಡು ಸೌಟು ಹಿಟ್ಟು ಸಾಲುವುದಿಲ್ಲ, ನಾಲ್ಕು ಬೇಕು.

ಚೆಂಡಿನಾಕಾರಕ್ಕೆ ವ್ಯಾಸ × ವ್ಯಾಸ × ವ್ಯಾಸ ಮಾಡಿ 0.47ರಿಂದ ಗುಣಿಸಿ. 6 ಸೆಂಟಿಮೀಟರಿನ ಚೆಂಡಿಗೆ 101 ಗ್ರಾಂ ಚಿಲ್ಲರೆ. ಗೋಪುರದಂತೆ ಮೇಲೆ ಚೂಪಾದದ್ದಕ್ಕೆ ಕಂಬದ ಲೆಕ್ಕದ ಮೂರನೇ ಒಂದು ಭಾಗ. ಲೋಟದಂತೆ ಕೆಳಗೆ ಕಿರಿದು ಮೇಲೆ ಅಗಲ ಇದ್ದರೆ ಎರಡರ ಸರಾಸರಿ ವ್ಯಾಸ ಹಿಡಿಯಿರಿ, ದೊಡ್ಡ ತಪ್ಪೇನೂ ಆಗುವುದಿಲ್ಲ.

ಡಬ್ಬಿಯಾದರೆ ಮಾತ್ರ ಒಳಗಿನ ಅಗಲ ಅಳೆಯಬೇಕು. ಹೊರಗೆ 7 ಸೆಂಟಿಮೀಟರ್ ಇರುವ ಡಬ್ಬಿಯ ಗಾಜು 3 ಮಿಲಿಮೀಟರ್ ದಪ್ಪ ಇದ್ದರೆ ಒಳಗೆ 6.4 ಮಾತ್ರ. 343 ಗ್ರಾಂ ಅಂದುಕೊಂಡದ್ದು 287ಕ್ಕೆ ಇಳಿಯುತ್ತದೆ. ಮೂರು ಮಿಲಿಮೀಟರ್ ಗಾಜು 56 ಗ್ರಾಂ ಮೇಣ ತಿಂದಿತು. ಇದಕ್ಕೇ ನನಗೆ ಸ್ಕೇಲಿಗಿಂತ ನೀರಿನ ಮೇಲೆ ನಂಬಿಕೆ ಜಾಸ್ತಿ.

ಹಣತೆ, ಕರಟ

ನೀರಿನ ಉಪಾಯ ಹಣತೆಯ ಮುಂದೆ ಕೈಕೊಡುತ್ತದೆ. ಮಣ್ಣಿನ ಹಣತೆ ನೀರು ಕುಡಿಯುತ್ತದೆ. ದೀಪಾವಳಿಗೆ ಮುಂಚೆ ಹಣತೆಯನ್ನು ನೀರಿನಲ್ಲಿ ನೆನೆಹಾಕುವುದು ಅದಕ್ಕೇ, ಮೊದಲು ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡರೆ ಆಮೇಲೆ ಎಣ್ಣೆ ಕುಡಿಯುವುದಿಲ್ಲ. ಮೇಣಕ್ಕೆ ಆ ಉಪಾಯ ಬೇಡ, ಹಸಿ ಹಣತೆಗೆ ಬಿಸಿ ಮೇಣ ಸುರಿಯಬಾರದು. ಅಳೆಯಲು ಚಿರೋಟಿ ರವೆ ತೆಗೆದುಕೊಳ್ಳಿ. ಹಣತೆಗೆ ತುಂಬಿ, ಮೇಲೆ ಬೆರಳಿನಿಂದ ಸಮ ಮಾಡಿ, ಅದನ್ನು ಮಿಲಿಲೀಟರ್ ಗೆರೆ ಇರುವ ಅಳತೆ ಕಪ್ಪಿಗೆ ಸುರಿಯಿರಿ. ಎಷ್ಟು ಮಿಲಿ ಬಂತೋ ಅದಕ್ಕೆ 0.9. ಔಷಧಿ ಬಾಟಲಿಯ ಜೊತೆ ಬರುವ ಪುಟ್ಟ ಮುಚ್ಚಳದಲ್ಲೂ ಅಳೆಯಬಹುದು. ಮಣ್ಣು ಸ್ವಲ್ಪ ಮೇಣವನ್ನೂ ಹೀರುತ್ತದೆ, ಅದಕ್ಕೆ ಒಂದೆರಡು ಗ್ರಾಂ ಸೇರಿಸಿಕೊಳ್ಳಿ.

ಕರಟದ ಕಷ್ಟ ಬೇರೆ. ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದನ್ನು ಅಳೆದು ಹನ್ನೆರಡರಿಂದ ಗುಣಿಸಿದರೆ ಉತ್ತರ ಎಲ್ಲಿಗೋ ಹೋಗುತ್ತದೆ. ಹನ್ನೆರಡನ್ನೂ ಬೇರೆ ಬೇರೆ ತೂಗುವ ತಾಳ್ಮೆ ನನಗಿಲ್ಲ. ಅದು ಬೇಕಾಗಿಯೂ ಇಲ್ಲ. ಎಲ್ಲ ಕರಟಗಳಿಗೂ ಗುರುತಿನವರೆಗೆ ನೀರು ತುಂಬಿ, ಅಷ್ಟೂ ನೀರನ್ನು ಒಂದೇ ಪಾತ್ರೆಗೆ ಸುರಿದು ಒಮ್ಮೆ ತೂಗಿದರೆ ಮುಗಿಯಿತು. ಮೇಣ ತರುವಾಗ ಬೇಕಾದದ್ದು ಒಟ್ಟು ಮೊತ್ತ ತಾನೇ? ಕಣ್ಣಿರುವ ಅರ್ಧದಲ್ಲಿ ಒಂದು ಕಣ್ಣು ಮೆತ್ತಗಿರುತ್ತದೆ, ಅಲ್ಲಿಂದ ನೀರು ಸೋರಿದರೆ ಮೇಣವೂ ಸೋರುತ್ತದೆ. ಅಳೆಯುವಾಗಲೇ ಗೊತ್ತಾದರೆ ಮೊದಲೇ ಮುಚ್ಚಿಕೊಳ್ಳಬಹುದು.

ಪರಿಮಳದ ಪಾಲು

ಎರಡನೇ ಡಜನ್ ಲೋಟಕ್ಕೆ ಮಲ್ಲಿಗೆ ಪರಿಮಳ ಹಾಕು ಅಂದಳು ಅಕ್ಕ. ಪರಿಮಳದ ಎಣ್ಣೆಗೂ ತೂಕ ಇದೆ, ಅದೂ ಲೋಟದಲ್ಲಿ ಜಾಗ ಹಿಡಿಯುತ್ತದೆ. ಆದ್ದರಿಂದ ಮೇಣ ಅಷ್ಟು ಕಡಿಮೆ ಸಾಕು.

12 ಲೋಟಕ್ಕೆ ಒಟ್ಟು 972 ಗ್ರಾಂ ಬೇಕು. ಪರಿಮಳ ಶೇಕಡಾ 6 ಅಂದರೆ, 100 ಪಾಲು ಮೇಣಕ್ಕೆ 6 ಪಾಲು ಎಣ್ಣೆ. ದೋಸೆಗೆ ಮೂರಕ್ಕೆ ಒಂದು ಅಂತ ನೆನೆಹಾಕುವುದಿಲ್ಲವಾ? ಮೂರು ಪಾವು ಅಕ್ಕಿ, ಒಂದು ಪಾವು ಉದ್ದು, ಒಟ್ಟು ನಾಲ್ಕು. ಹಾಗೇ ಇಲ್ಲಿ ಒಟ್ಟು 106 ಪಾಲು. 972ನ್ನು 1.06ರಿಂದ ಭಾಗಿಸಿದರೆ 917 ಗ್ರಾಂ ಮೇಣ, ಉಳಿದ 55 ಗ್ರಾಂ ಎಣ್ಣೆ. ಎಣ್ಣೆಯನ್ನೂ ತೂಗಿಯೇ ಹಾಕಬೇಕು, ಮಿಲಿಲೀಟರಿನಲ್ಲಿ ಅಲ್ಲ. ಮೇಣ ಮಾರುವವರು ಇಷ್ಟಕ್ಕಿಂತ ಜಾಸ್ತಿ ಪರಿಮಳ ಹಾಕಬೇಡಿ ಅಂತ ಮಿತಿ ಕೊಟ್ಟಿರುತ್ತಾರೆ. ಅದನ್ನು ಮೀರಿದರೆ ಮೇಣ ಎಣ್ಣೆಯನ್ನು ಹಿಡಿದುಕೊಳ್ಳದೆ ಬೆವರುತ್ತದೆ. ಬಣ್ಣದ ತೂಕ ಲೆಕ್ಕಕ್ಕೆ ಬರುವುದಿಲ್ಲ. ಬತ್ತಿಯದೂ ಅಷ್ಟೇ.

ಪಾತ್ರೆಗೆ ಅಂಟಿಕೊಳ್ಳುವ ಮೇಣ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದನ್ನು ಶೇಕಡಾವಾರು ಸೇರಿಸಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ನನ್ನ ಪಾತ್ರೆಗೆ ಸುಮಾರು 25 ಗ್ರಾಂ ಅಂಟುತ್ತದೆ, ನಾಲ್ಕು ಲೋಟ ಮಾಡಿದರೂ ಅಷ್ಟೇ, ಹನ್ನೆರಡು ಮಾಡಿದರೂ ಅಷ್ಟೇ. ಅದು ಪಾತ್ರೆಯ ಗುಣ, ಮೇಣದ್ದಲ್ಲ. ಅದರಲ್ಲೂ ಮೊದಲ ಸಲ ಮಾತ್ರ. ಪಾತ್ರೆ ತೊಳೆಯದೆ ಮತ್ತೆ ಅದೇ ಮೇಣ ಹಾಕಿದರೆ, ಅಂಟಿದ್ದು ಕರಗಿ ಬರುತ್ತದೆ, ಹೊಸದು ಅಂಟುತ್ತದೆ. ಹಾಗಾಗಿ ಮೊದಲ ಸಲ ಪಾತ್ರೆ ತೂಗಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಇನ್ನೊಮ್ಮೆ ತೂಗಿ. ನಿಮ್ಮ ಪಾತ್ರೆಯ ಪಾಲು ಎಷ್ಟು ಅಂತ ಗೊತ್ತಾಗುತ್ತದೆ. ಆಮೇಲೆ ಆ ಪಾತ್ರೆಯಲ್ಲಿ ಸಾರು ಮಾಡಲು ಹೋಗಬೇಡಿ, ಅಷ್ಟೇ.

ಅದ್ದಿ ಮಾಡುವವರ ಲೆಕ್ಕ ಬೇರೆಯೇ

ಬತ್ತಿಯನ್ನು ಬಿಸಿ ಮೇಣದಲ್ಲಿ ಅದ್ದಿ ತೆಗೆದು, ಆರಿಸಿ, ಮತ್ತೆ ಅದ್ದಿ, ಪದರ ಪದರವಾಗಿ ದಪ್ಪ ಮಾಡುವ ಪದ್ಧತಿ ಉಂಟು. ಅಚ್ಚು ಬೇಡ ಅಂತ ಇದು ಸುಲಭ ಅನ್ನಿಸುತ್ತದೆ. ಮೇಣ ತರಲು ಹೋದಾಗ ಗೊತ್ತಾಗುತ್ತದೆ ಸಂಗತಿ. 20 ಸೆಂಟಿಮೀಟರ್ ಉದ್ದದ ಬತ್ತಿ ಮುಳುಗಬೇಕಾದರೆ ಅದಕ್ಕಿಂತ ಆಳದ ಪಾತ್ರೆ ಬೇಕು, ಮತ್ತು ಅದು ತುಂಬಿರಬೇಕು. 10 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಆಳದ ಪಾತ್ರೆಗೆ ಸುಮಾರು 1960 ಮಿಲಿ ಬಿಸಿ ಮೇಣ ಹಿಡಿಯುತ್ತದೆ, ಅಂದರೆ ಒಂದೂವರೆ ಕೆಜಿ. ಇಲ್ಲಿ 0.77 ಹಿಡಿಯಬೇಕು, ಯಾಕೆಂದರೆ ಪಾತ್ರೆಯಲ್ಲಿರುವುದು ಕೊನೆಯವರೆಗೂ ಕರಗಿದ ಮೇಣವೇ. ನೀವು ಮಾಡುವುದು 40 ಗ್ರಾಂನ ಹತ್ತೇ ಬತ್ತಿ ಇರಬಹುದು, ಒಟ್ಟು 400 ಗ್ರಾಂ. ಆದರೂ ಒಂದೂವರೆ ಕೆಜಿ ಇಲ್ಲದೆ ಮೊದಲ ಬತ್ತಿಯೂ ಮುಳುಗುವುದಿಲ್ಲ. ಬತ್ತಿ ದಪ್ಪವಾದಂತೆ ಪಾತ್ರೆಯಲ್ಲಿ ಮಟ್ಟ ಇಳಿಯುತ್ತದೆ, ಹಾಗಾಗಿ ಆ 400 ಗ್ರಾಂ ಬೇರೆಯಾಗಿ ಕೈಯಲ್ಲಿರಬೇಕು. ಕೊನೆಯಲ್ಲಿ ಒಂದೂವರೆ ಕೆಜಿ ಹಾಗೇ ಉಳಿಯುತ್ತದೆ. ಅಡಿಯಲ್ಲಿ ಬಿಸಿನೀರು, ಮೇಲೆ ಮೇಣ ಹಾಕಿ ಕೆಲವರು ಇದನ್ನು ಉಳಿಸುತ್ತಾರೆ. ಮೇಣ ಹೇಗೂ ತೇಲುತ್ತದಲ್ಲ. ನಾನು ಮಾಡಿ ನೋಡಿದೆ, ಬತ್ತಿಯ ತುದಿಗೆ ನೀರು ಸೇರಿ ಉರಿಯುವಾಗ ಕಿರಿಕಿರಿ.

ಎಷ್ಟು ಹೊತ್ತು ಉರಿಯುತ್ತದೆ?

81 ಗ್ರಾಂ ಎಷ್ಟು ಹೊತ್ತಿಗೆ ಬರುತ್ತದೆ ಅನ್ನೋದನ್ನೂ ತಕ್ಕಡಿಯೇ ಹೇಳುತ್ತದೆ. ಹಚ್ಚುವ ಮುಂಚೆ ತೂಗಿ, ಎರಡು ಗಂಟೆ ಉರಿಸಿ, ಆರಿಸಿ ತಣಿದ ಮೇಲೆ ಮತ್ತೆ ತೂಗಿ. ನನ್ನದು ಎರಡು ಗಂಟೆಗೆ 10 ಗ್ರಾಂ ಕಳೆದುಕೊಂಡಿತು. ಗಂಟೆಗೆ 5. ಅಂದರೆ ಲೋಟ ಸುಮಾರು 16 ಗಂಟೆ ಬರುತ್ತದೆ. ಬತ್ತಿ ದಪ್ಪ ಇದ್ದರೆ ಬೇಗ ಉರಿಯುತ್ತದೆ.

ಒಂದು ಕಾಲಕ್ಕೆ ಇದೇ ತೂಕ ಕಾನೂನಿನಲ್ಲೇ ಇತ್ತು. ಬ್ರಿಟನ್ನಿನಲ್ಲಿ 1860ರ ಕಾಯ್ದೆಯೊಂದು ಗ್ಯಾಸ್ ದೀಪದ ಬೆಳಕನ್ನು ಮೇಣದಬತ್ತಿಗೆ ಹೋಲಿಸಿ ಅಳೆಯಬೇಕು ಅಂದಿತು. ಎಂಥ ಬತ್ತಿ? ತಿಮಿಂಗಿಲದ ತಲೆಯ ಮೇಣದ್ದು, ಪೌಂಡಿಗೆ ಆರು ತೂಗುವಂಥದ್ದು, ಗಂಟೆಗೆ 120 ಗ್ರೇನ್ ಉರಿಯುವಂಥದ್ದು. ನಮ್ಮ ಲೆಕ್ಕದಲ್ಲಿ 76 ಗ್ರಾಂ ಬತ್ತಿ, ಗಂಟೆಗೆ 7.8 ಗ್ರಾಂ. ಬೆಳಕನ್ನು ಅಳೆಯುವ ಕ್ಯಾಂಡಲ್ ಪವರ್ ಅನ್ನೋ ಮಾತು ಅಲ್ಲಿಂದ ಗಟ್ಟಿಯಾದದ್ದು. ಆ ಬತ್ತಿ ನನ್ನ ಬೈಟು ಲೋಟಕ್ಕಿಂತ 5 ಗ್ರಾಂ ಹಗುರ.

ಎರಡನೇ ಡಜನ್ನಿಗೆ ಮತ್ತೆ ಒಂದು ಕೆಜಿ ತಂದೆ. ಈ ಸಲ ಲೆಕ್ಕ ಹೀಗಿತ್ತು: ಲೋಟಕ್ಕೆ 917, ಪಾತ್ರೆಗೆ 25, ಉಳಿಯಬೇಕಾದದ್ದು 58. ಮೊದಲ ಸುರಿತ ಆಯಿತು, ಬೆಳಗ್ಗೆ ಊದುಬತ್ತಿ ಕಡ್ಡಿಯಿಂದ ಚುಚ್ಚಿ ಎರಡನೆಯದೂ ಆಯಿತು. ಚೀಲದಲ್ಲಿ ಉಳಿದದ್ದನ್ನು ತೂಗಿದೆ, 54 ಗ್ರಾಂ. ಇಷ್ಟು ಹತ್ತಿರ ಬಂದದ್ದಕ್ಕೆ ಖುಷಿಯಾಗಿ 24 ಲೋಟಗಳನ್ನೂ ಒಂದೇ ಡಬ್ಬದಲ್ಲಿ ಜೋಡಿಸಿ ಅಕ್ಕನ ಮನೆಗೆ ಒಯ್ದೆ. ಮಲ್ಲಿಗೆಯವು ಯಾವುವು, ಸಾದಾ ಯಾವುವು ಅಂತ ಗುರುತು ಹಾಕುವುದು ಮರೆತೇಹೋಗಿತ್ತು. ಎಲ್ಲವೂ ಬೆಳ್ಳಗೆ, ಎಲ್ಲವೂ 81 ಗ್ರಾಂ. ಹೋಮದ ಹೊಗೆ ತುಂಬಿದ ಮನೆಯಲ್ಲಿ ಅಕ್ಕ ಒಂದೊಂದನ್ನೇ ಮೂಗಿಗೆ ಹಿಡಿದು ಬೇರೆ ಮಾಡುತ್ತಾ ಕೂತಳು.